ಗ್ರೇಡಲ್ ಆವೃತ್ತಿಯನ್ನು ಪ್ರಾಜೆಕ್ಟೇ ನಿರ್ಧರಿಸಲಿ

ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದಂಥ ಊರಿನಿಂದ ಚಿಕ್ಕೋಡಿ, ನಿಪ್ಪಾಣಿಗಳ ಎಂಜಿನಿಯರಿಂಗ್ ಕಾಲೇಜು ಸೇರಿದ ವಿದ್ಯಾರ್ಥಿ ಉಬುಂಟುವಿನಲ್ಲಿ ಆಂಡ್ರಾಯ್ಡ್ ಆ್ಯಪ್ ಕಟ್ಟಲು ಹೊರಟು, 'ಆಪ್ಟ್' ಮೂಲಕ ಬಿಲ್ಡ್ ಸಾಧನವಾದ ಗ್ರೇಡಲ್ ಹಾಕಿಕೊಂಡರೆ ಸಿಗುವುದು 4.4.1. ಅದು 2017ರ ಡಿಸೆಂಬರ್‌ನಲ್ಲಿ ಬಂದ ಆವೃತ್ತಿ. ಉಬುಂಟು 20.04, 22.04, 24.04 ಮೂರರಲ್ಲೂ ಅದೇ ಇದೆ. ಆಂಡ್ರಾಯ್ಡ್‌ನ ಗ್ರೇಡಲ್ ಪ್ಲಗಿನ್ 8.0 ಮಾತ್ರ ಕನಿಷ್ಠ ಗ್ರೇಡಲ್ 8.0 ಕೇಳುತ್ತದೆ. ಬಿಲ್ಡ್ ಮೊದಲ ಹೆಜ್ಜೆಯಲ್ಲೇ ನಿಂತಾಗ ಹೊಸಬರು ತಮ್ಮ ಕೋಡ್ ತಪ್ಪೆಂದು ಎದೆಗುಂದುತ್ತಾರೆ.

ಇದಕ್ಕೆ ಕಾರಣ ಯಾರ ಸೋಮಾರಿತನವೂ ಅಲ್ಲ. ಉಬುಂಟುವಿಗೆ ಈ ಪ್ಯಾಕೇಜ್ ಬರುವುದು ಡೆಬಿಯನ್‌ನಿಂದ. ಪ್ರತಿಯೊಂದು ಪ್ಯಾಕೇಜನ್ನೂ ಮೂಲ ಕೋಡ್‌ನಿಂದ, ತನ್ನಲ್ಲೇ ಇರುವ ಸಾಧನಗಳಿಂದ ಕಟ್ಟಬೇಕೆಂಬುದು ಡೆಬಿಯನ್‌ನ ನಿಯಮ. ಗ್ರೇಡಲ್‌ನ ಹೊಸ ಆವೃತ್ತಿಗಳಿಗೆ ಕೋಟ್ಲಿನ್ ಬೇಕು; ಕೋಟ್ಲಿನ್ ಕಂಪೈಲರ್ ಕಟ್ಟಲು ಮೊದಲೇ ಒಂದು ಕೋಟ್ಲಿನ್ ಕಂಪೈಲರ್ ಬೇಕು. ಆ ಸರಪಳಿಯನ್ನು ಮೊದಲಿನಿಂದ ಹೆಣೆಯುವುದು ಬಹಳ ಕಷ್ಟ. ಹಾಗೆಂದು ಹೊಸ ಜಿಪ್ ತಂದು ಇಡೀ ಯಂತ್ರದ ಗ್ರೇಡಲ್ ಬದಲಿಸಿದರೂ ಬಗೆಹರಿಯದು: ಇವತ್ತಿನ ಪ್ರಾಜೆಕ್ಟ್ ಓಡಿದರೆ, ಹಿರಿಯ ವಿದ್ಯಾರ್ಥಿಗಳು ಬಿಟ್ಟುಹೋದ ಹಳೆಯದು ಮುರಿಯಬಹುದು. ಅಪ್‌ಗ್ರೇಡ್ ಮಾಡಬೇಕಾದದ್ದು ಯಂತ್ರವನ್ನಲ್ಲ, ಪ್ರಾಜೆಕ್ಟನ್ನು. ಗ್ರೇಡಲ್ ವ್ರ್ಯಾಪರ್ ಇರುವುದೇ ಇದಕ್ಕೆ. ಬೇಕಾದ ಆವೃತ್ತಿ ಯಾವುದೆಂದು ಪ್ರಾಜೆಕ್ಟಿನ ಒಂದು ಚಿಕ್ಕ ಫೈಲ್‌ನಲ್ಲಿ ಬರೆದಿರುತ್ತದೆ; ಕೋಡ್ ಪಡೆದವರ ಯಂತ್ರದಲ್ಲಿ ಅದೇ ಆವೃತ್ತಿ ಇಳಿದು ಓಡುತ್ತದೆ.

ಇದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು ಸುರಕ್ಷತೆ: ಉಬುಂಟುವಿನ ಸಹಿಯುಳ್ಳ ಭಂಡಾರದ ಪ್ಯಾಕೇಜ್ ಬಿಟ್ಟು ಅಂತರ್ಜಾಲದಿಂದ ಫೈಲ್ ಇಳಿಸಿ ಓಡಿಸುವುದು ಸರಿಯೇ? ಅನುಮಾನ ನ್ಯಾಯವಾದದ್ದೇ. ಆದರೆ ಆವೃತ್ತಿ ಬರೆದಿರುವ ಆ ಚಿಕ್ಕ ಫೈಲ್‌ನಲ್ಲೇ ಶಾ-256 ಚೆಕ್‌ಸಮ್ ಬರೆದಿಟ್ಟರೆ, ಇಳಿಸಿದ ಜಿಪ್ ಅದಕ್ಕೆ ಹೊಂದದಿದ್ದಾಗ ವ್ರ್ಯಾಪರ್ ಅದನ್ನು ಓಡಿಸುವುದಿಲ್ಲ. ವ್ರ್ಯಾಪರ್‌ನ ಜಾರ್ ಫೈಲನ್ನೂ ಗ್ರೇಡಲ್ ಪ್ರಕಟಿಸುವ ಚೆಕ್‌ಸಮ್‌ಗೆ ಹೋಲಿಸಿ ನೋಡಬೇಕು. ಈ ಎರಡು ಕೆಲಸ ಬಿಟ್ಟರೆ ಆಕ್ಷೇಪ ನಿಜವಾಗಿಯೂ ಉಳಿಯುತ್ತದೆ. ಎರಡನೆಯದು ಖರ್ಚು. ಗ್ರೇಡಲ್ 8ರ ಜಿಪ್ 100 ಎಂಬಿ ಮೀರುತ್ತದೆ. ಮೊಬೈಲ್ ಡೇಟಾ ನಂಬಿದ ಮನೆಗೆ ಅದು ಹಗುರವಲ್ಲ. ಆದರೆ ಒಮ್ಮೆ ಇಳಿದ ಆವೃತ್ತಿ ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿ ಉಳಿದು, ಅದನ್ನೇ ಬಯಸುವ ಎಲ್ಲ ಪ್ರಾಜೆಕ್ಟುಗಳಿಗೂ ಸಲ್ಲುತ್ತದೆ. ಕಾಲೇಜು ತನ್ನ ಸರ್ವರ್‌ನಲ್ಲಿ ಜಿಪ್ ಇಟ್ಟುಕೊಂಡರೆ ಆ ಚಿಕ್ಕ ಫೈಲ್‌ನಲ್ಲಿರುವ ಡೌನ್‌ಲೋಡ್ ವಿಳಾಸದ ಸಾಲನ್ನು ಅಲ್ಲಿಗೆ ತಿರುಗಿಸಬಹುದು; ಆ ಜಿಪ್‌ಗಾಗಿ ಲ್ಯಾಬ್‌ಗೆ ಹೊರಗಿನ ಡೇಟಾ ಬೇಕಾಗುವುದು ಒಂದೇ ಸಲ.

ಬೆಳಗಾವಿಯಲ್ಲೇ ಕೇಂದ್ರವಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಈ ರೂಢಿಗೆ ಬಲ ಕೊಡಬೇಕು. ಗ್ರೇಡಲ್ ಬಳಸಿದ ಪ್ರಾಜೆಕ್ಟಿಗೆ ಅಂಕ ಕೊಡುವ ಮುನ್ನ ಪರೀಕ್ಷಕರು ಅದನ್ನು ಬೇರೊಂದು ಯಂತ್ರದಲ್ಲಿ ವ್ರ್ಯಾಪರ್ ಮೂಲಕ ಕಟ್ಟಿಸಿ ನೋಡಲಿ. ತನ್ನ ಲ್ಯಾಪ್‌ಟಾಪ್‌ನಲ್ಲಷ್ಟೇ ಓಡುವ ಕೆಲಸ ಇನ್ನೂ ಮುಗಿದಿಲ್ಲವೆಂದು ವಿದ್ಯಾರ್ಥಿ ಕಾಲೇಜಿನಲ್ಲೇ ಕಲಿಯಬೇಕು.