ಎಳನೀರು ಗಂಜಿಯಾಗುವ ಹೊತ್ತು

ಎಳನೀರು ಗಾಡಿಯ ಮುಂದೆ ನಿಲ್ಲುವವರಲ್ಲಿ ಎರಡು ಪಂಗಡ. ‘ಬರೀ ನೀರಿರೋದು ಕೊಡಪ್ಪ’ ಎನ್ನುವವರು ಒಂದು, ‘ಸ್ವಲ್ಪ ಗಂಜಿ ಇರ್ಲಿ’ ಎನ್ನುವವರು ಇನ್ನೊಂದು. ಮಾರುವವನು ಕಾಯಿಯನ್ನು ಎರಡು ಸಲ ತಟ್ಟಿ, ಸದ್ದು ಕೇಳಿ ಮಚ್ಚು ಎತ್ತುತ್ತಾನೆ. ಅವನ ಅಂದಾಜು ತಪ್ಪುವುದು ಅಪರೂಪ. ನೀರು ಯಾವಾಗ ಗಂಜಿಯಾಗುತ್ತದೆಂದು ಅವನಿಗೆ ಗೊತ್ತು. ಹೇಗೆ ಆಗುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಸ್ವಲ್ಪ ಉದ್ದ. ಜೀವಕೋಶ ಒಡೆದು ಎರಡಾಗುವ ಕತೆಯಿಂದಲೇ ಅದನ್ನು ಶುರುಮಾಡಬೇಕು.

ಈರುಳ್ಳಿ ಬೇರಿನ ತುದಿಯ ಚಿತ್ರವನ್ನು ಹೈಸ್ಕೂಲಿನಲ್ಲಿ ಬರೆದವರಿಗೆ ಕತೆಯ ಮೊದಲರ್ಧ ನೆನಪಿರಬಹುದು. ಕೋಶಕೇಂದ್ರದೊಳಗಿನ ವರ್ಣತಂತುಗಳು ತಮ್ಮ ಪ್ರತಿ ಮಾಡಿಕೊಳ್ಳುತ್ತವೆ. ಜೋಡಿಜೋಡಿಯಾಗಿ ಕೋಶದ ನಡುವೆ ಸಾಲುನಿಲ್ಲುತ್ತವೆ. ಸೂಕ್ಷ್ಮ ನೂಲೆಳೆಗಳು ಒಂದು ಪಾಲನ್ನು ಆ ತುದಿಗೆ, ಇನ್ನೊಂದನ್ನು ಈ ತುದಿಗೆ ಎಳೆದೊಯ್ಯುತ್ತವೆ. ಇಷ್ಟರವರೆಗೆ ಆನೆಗೂ ಆಲದ ಮರಕ್ಕೂ ಲೆಕ್ಕ ಒಂದೇ.

ದಾರಿ ಬೇರೆಯಾಗುವುದು ಇಲ್ಲಿಂದ ಮುಂದೆ. ಪ್ರಾಣಿಯ ಕೋಶ ಮೆತ್ತಗಿನ ಚೀಲ. ಅದರ ಸೊಂಟದ ಸುತ್ತ ಪ್ರೋಟೀನಿನ ಒಂದು ಬಳೆ ಮೂಡಿ, ಎಲೆಯಡಿಕೆ ಸಂಚಿಯ ದಾರ ಎಳೆದಂತೆ ಬಿಗಿಯುತ್ತ ಹೋಗುತ್ತದೆ. ಕೊನೆಗೆ ಚೀಲ ಎರಡಾಗುತ್ತದೆ. ನಮ್ಮ ಸ್ನಾಯುಗಳನ್ನು ಸೆಳೆಯುವ ಆಕ್ಟಿನ್, ಮಯೋಸಿನ್‌ಗಳದೇ ಇಲ್ಲೂ ಕೆಲಸ. ಸಸ್ಯದ ಕೋಶಕ್ಕೆ ಹೀಗೆ ಸೊಂಟ ಬಿಗಿಯಲು ಆಗದು. ಅದರ ಸುತ್ತ ಗಟ್ಟಿ ಗೋಡೆಯಿದೆ. ಅಣ್ಣತಮ್ಮಂದಿರು ಪಾಲಾದಾಗ ನಡುಮನೆಗೆ ಅಡ್ಡಗೋಡೆ ಎಬ್ಬಿಸುವ ಹಾಗೆ ಅದು ಒಳಗೇ ಹೊಸ ಗೋಡೆ ಕಟ್ಟಬೇಕು. ಗೋಡೆಯ ಸಾಮಗ್ರಿ ತುಂಬಿಕೊಂಡ ಪುಟ್ಟ ಗುಳ್ಳೆಗಳು ಕೋಶದ ನಟ್ಟನಡುವೆ ಸೇರಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗಾರೆಯವನು ಗೋಡೆಯನ್ನು ಬದಿಯಿಂದ ಶುರುಮಾಡಿದರೆ ಇವು ನಡುವಿನಿಂದ ಶುರುಮಾಡಿ, ಬೆಳೆಯುತ್ತ ಹೋಗಿ ಹಳೆಯ ಗೋಡೆಯನ್ನು ಮುಟ್ಟುತ್ತವೆ.

ತೆಂಗಿನಕಾಯಿಯ ವಿಶೇಷವೆಂದರೆ, ಅದು ಈ ಗೋಡೆಯ ಕೆಲಸವನ್ನು ತಿಂಗಳುಗಟ್ಟಲೆ ಮುಂದೂಡುತ್ತದೆ. ಪರಾಗದಿಂದ ಬರುವ ಎರಡು ಗಂಡು ಕೋಶಗಳಲ್ಲಿ ಒಂದು ಅಂಡವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು, ಪಕ್ಕದಲ್ಲಿರುವ ಎರಡು ಕೋಶಕೇಂದ್ರಗಳನ್ನು ಕೂಡಿ ಭ್ರೂಣಕ್ಕೆ ಬುತ್ತಿ ಕಟ್ಟಲು ಕೂರುತ್ತದೆ. ತೆಂಗಿನ ಮಾಮೂಲಿ ಕೋಶದಲ್ಲಿ ವರ್ಣತಂತುಗಳು 32. ಮೂವರು ಕೂಡಿದ ಈ ಬುತ್ತಿಯಲ್ಲಿ 48. ಬುತ್ತಿಯ ಕೋಶಕೇಂದ್ರ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಲೇ ಇರುತ್ತದೆ. ಆದರೆ ನಡುವೆ ಒಂದು ಗೋಡೆಯೂ ಏಳುವುದಿಲ್ಲ. ಎಳೆಯ ಕಾಯಿಯೊಳಗಿನ ನೀರಿನಲ್ಲಿ ಕೋಶಕೇಂದ್ರಗಳು ಸುಮ್ಮನೆ ತೇಲಾಡುತ್ತಿರುತ್ತವೆ. ಪಾಲಾಗದ ಅವಿಭಕ್ತ ಕುಟುಂಬ ಅದು!

ಸುಮಾರು ಆರನೆಯ ತಿಂಗಳಿಗೆ ಈ ಸಂಸಾರ ಚಿಪ್ಪಿನ ಬದಿಗೆ ಸರಿದು ನೆಲೆಯೂರುತ್ತದೆ, ಗೋಡೆಗಳೇಳುತ್ತವೆ. ಚಮಚದಲ್ಲಿ ಕೆರೆದು ತಿನ್ನುವ ಗಂಜಿ ಅದೇ. ಮುಂದೆ ಅದು ಪದರಪದರವಾಗಿ ದಪ್ಪಗಾಗಿ, ಹನ್ನೊಂದು ಹನ್ನೆರಡು ತಿಂಗಳಿಗೆ ತುರಿಮಣೆಗೆ ಸಿಗುವಷ್ಟು ಗಟ್ಟಿಯಾಗುತ್ತದೆ. ಬಲಿತ ಕಾಯಿಯ ನೀರಿನಲ್ಲಿ ಹುಡುಕಿದರೂ ಕೋಶಕೇಂದ್ರ ಸಿಗದು. ಇಷ್ಟೆಲ್ಲ ಬುತ್ತಿ ಯಾರಿಗಾಗಿಯೋ ಆ ಭ್ರೂಣ ಮಾತ್ರ ಮೂರು ಕಣ್ಣುಗಳ ಪೈಕಿ ಮೆತ್ತಗಿನ ಒಂದರ ಕೆಳಗೆ ಪುಟ್ಟ ಗೂಟದಂತೆ ಮಲಗಿರುತ್ತದೆ.

ಹೀಗೆ ಕೋಶಕೇಂದ್ರಗಳನ್ನು ಒಡೆಯಲು ಬಿಡುವ ನೀರಿನಲ್ಲಿ ‘ಒಡೆ’ ಎಂದು ಹೇಳುವ ಏನೋ ಒಂದು ಇರಲೇಬೇಕಲ್ಲ? 1941ರಲ್ಲಿ ಅಮೆರಿಕದ ವಾನ್ ಓವರ್‌ಬೀಕ್, ಮೇರಿ ಕಾಂಕ್ಲಿನ್ ಮತ್ತು ಬ್ಲೇಕ್ಸ್‌ಲೀ ದತ್ತೂರಿ ಬೀಜದಿಂದ ತೀರ ಎಳೆಯ ಭ್ರೂಣಗಳನ್ನು ಬಿಡಿಸಿ ಗಾಜಿನಲ್ಲಿ ಬೆಳೆಸಲು ಹೊರಟಿದ್ದರು. ಸಕ್ಕರೆ, ಲವಣ, ವಿಟಮಿನ್ ಕೊಟ್ಟರೂ ಅವು ಬೆಳೆಯಲೊಲ್ಲವು. ತೆಂಗಿನ ನೀರು ಬೆರೆಸಿದಾಗ ಬೆಳೆದವು. ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವರ್ಡ್ ಅದೇ ನೀರಿನಲ್ಲಿ ಗಜ್ಜರಿಯ ಚೂರುಗಳನ್ನು ಬೆಳೆಸಿದರು. 1958ರ ಹೊತ್ತಿಗೆ ಅವುಗಳಿಂದ ಬಿಡಿಬಿಡಿಯಾದ ಕೋಶಗಳಿಂದಲೇ ಇಡೀ ಗಜ್ಜರಿ ಗಿಡ ಎಬ್ಬಿಸಿ ತೋರಿಸಿದರು. ಈ ಪ್ರಬಂಧಗಳಲ್ಲೆಲ್ಲ ಅದು ‘ಕೋಕನಟ್ ಮಿಲ್ಕ್’. ಹಿಂಡಿದ ಕಾಯಿಹಾಲಿಗೂ ಒಳಗಿನ ನೀರಿಗೂ ಇರುವ ವ್ಯತ್ಯಾಸವನ್ನು ನಮ್ಮ ಯಾವ ಅಡುಗೆಯವರನ್ನು ಕೇಳಿದ್ದರೂ ಹೇಳುತ್ತಿದ್ದರು.

ಆ ‘ಏನೋ ಒಂದು’ ಕೈಗೆ ಸಿಕ್ಕಿದ್ದು ಮಾತ್ರ ಹಳೆಯ ಸೀಸೆಯೊಂದರಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಹೊಗೆಸೊಪ್ಪಿನ ದಂಟಿನ ತಿರುಳನ್ನು ಬೆಳೆಸುತ್ತಿದ್ದರು. ಆಕ್ಸಿನ್ ಎಂಬ ಹಾರ್ಮೋನು ಕೊಟ್ಟರೆ ಕೋಶಗಳು ಊದುತ್ತಿದ್ದವೇ ಹೊರತು ಒಡೆಯುತ್ತಿರಲಿಲ್ಲ. ದೊಡ್ಡದಾಗುವುದು ಬೇರೆ, ಎರಡಾಗುವುದು ಬೇರೆ. ಸಸ್ಯದ ಕೋಶ ಬರೀ ನೀರು ತುಂಬಿಕೊಂಡೇ ಹತ್ತಾರು ಪಟ್ಟು ಹಿಗ್ಗಬಲ್ಲದು. ಎರಡಾಗಲು ಬೇರೆಯದೇ ಅಪ್ಪಣೆ ಬೇಕು. ಹೆರಿಂಗ್ ಮೀನಿನ ವೀರ್ಯದಿಂದ ತೆಗೆದ ಡಿಎನ್‌ಎ ಇದ್ದ ಹಳೆಯ ಸೀಸೆಯಿಂದ ಒಂದಿಷ್ಟು ಹಾಕಿ ನೋಡಿದರು. ಕೋಶಗಳು ಒಡೆಯತೊಡಗಿದವು. ಹಿಗ್ಗಿ ಹೊಸ ಸೀಸೆ ತರಿಸಿದರೆ ಏನೂ ಆಗಲಿಲ್ಲ! ಕೊನೆಗೆ ಹೊಸ ಡಿಎನ್‌ಎಯನ್ನು ಕುಕ್ಕರಿನಲ್ಲಿ ಬೇಯಿಸಿದ ಹಾಗೆ ಒತ್ತಡದ ಹಬೆಯಲ್ಲಿ ಕಾಯಿಸಿದರು. ಆಗ ಕೆಲಸ ಮಾಡಿತು. ಡಿಎನ್‌ಎ ಹಳಸಿದಾಗ ಹುಟ್ಟುವ ವಸ್ತು ಅದು. 1955ರಲ್ಲಿ ಅದಕ್ಕೆ ಕೈನೆಟಿನ್ ಎಂದು ಹೆಸರಿಟ್ಟರು. ಅದರ ಬಂಧು ಝಿಯಾಟಿನ್ 1963ರಲ್ಲಿ ಎಳೆಯ ಮೆಕ್ಕೆಜೋಳದಲ್ಲಿ ಸಿಕ್ಕಿತು. ಆಮೇಲೆ ತೆಂಗಿನ ನೀರಿನಲ್ಲೂ ಆ ಬಳಗದವು ಇವೆಯೆಂದು ಗೊತ್ತಾಯಿತು.

1957ರಲ್ಲಿ ಇವರಿಬ್ಬರೇ ಇನ್ನೊಂದು ಗುಟ್ಟು ಬಿಡಿಸಿದರು. ಆಕ್ಸಿನ್ ಹೆಚ್ಚು, ಕೈನೆಟಿನ್ ಕಡಿಮೆಯಾದರೆ ಬೇರು ಬರುತ್ತದೆ. ತಿರುವುಮುರುವಾದರೆ ಚಿಗುರು. ಎರಡೂ ಸಮನಾದರೆ ರೂಪವಿಲ್ಲದ ಮುದ್ದೆ. ಇಂದು ರೈತ ತಂದು ನೆಡುವ ಅಂಗಾಂಶ ಕೃಷಿಯ ಬಾಳೆ ಸಸಿಯ ಹಿಂದೆ ಇರುವುದು ಇದೇ ತಕ್ಕಡಿ.

ಪ್ರಾಣಿಯ ಕೋಶಕ್ಕೂ ಗಾಜಿನಲ್ಲಿ ಇಂಥ ಅಪ್ಪಣೆ ಬೇಕು. ಬಹುಕಾಲದಿಂದ ಅದಕ್ಕೆ ಹುಟ್ಟದ ಕರುವಿನ ರಕ್ತದ ಸೀರಮ್ ಕೊಡುತ್ತ ಬಂದಿದ್ದಾರೆ. ಅಪ್ಪಣೆಗೆ ಕಾಯದೆ ಒಡೆಯತೊಡಗಿದ ಕೋಶಗಳ ಹೆಸರೇ ಕ್ಯಾನ್ಸರ್.

ಇನ್ನು ತೆಂಗಿನ ಮರದ ವಿಷಯ. ಹಲಸಿನ ಮರಕ್ಕೆ ಮಚ್ಚಿನೇಟು ಬಿದ್ದರೆ ತೊಗಟೆಯಡಿಯ ಕೋಶಗಳು ಒಡೆದು ವರ್ಷಗಳಲ್ಲಿ ಗಾಯ ಮುಚ್ಚುತ್ತದೆ. ತೆಂಗಿನ ಕಾಂಡದಲ್ಲಿ ಆ ಪದರವಿಲ್ಲ. ಹತ್ತಲೆಂದು ಅಜ್ಜನ ಕಾಲದಲ್ಲಿ ಕಡಿದ ಮೆಟ್ಟಿಲು ಮೊಮ್ಮಗನ ಕಾಲಕ್ಕೂ ಹಾಗೆಯೇ ಇರುತ್ತದೆ. ಇಡೀ ಮರ ಮೇಲೇಳಲು ಕೋಶ ಒಡೆಯುವ ಜಾಗ ಒಂದೇ, ನೆತ್ತಿಯ ಸುಳಿ. ಕುರುವಾಯಿ ದುಂಬಿಯೋ ಕೆಂಪುಮೂತಿ ಹುಳುವೋ ಸುಳಿಯ ಬುಡದ ಆ ಎಳೆ ಭಾಗವನ್ನು ತಿಂದು ಹಾಕಿದರೆ, ಸುಳಿ ಕೊಳೆತರೆ, ಅರವತ್ತಡಿಯ ಮರ ಬದಿಯಲ್ಲಿ ಒಂದು ಚಿಗುರನ್ನೂ ಹೊಡೆಯದೆ ಸಾಯುತ್ತದೆ.

ಹಾಗಾಗಿ ತೆಂಗಿಗೆ ಕಸಿಯಿಲ್ಲ, ಗೂಟಿಯಿಲ್ಲ. ಗೊಂಚಲುಗೊಂಚಲು ಬಿಡುವ ಒಳ್ಳೆಯ ಮರದ ಕಾಯಿ ಆರಿಸಿ ನೆಟ್ಟರೂ ಎತ್ತರದ ತಳಿಗಳಲ್ಲಿ ಪರಾಗ ಬೇರೆ ಮರದಿಂದ ಬಂದಿರುತ್ತದೆ. ಮಗು ತಾಯಿಯಂತಿದೆಯೋ ಇಲ್ಲವೋ ತಿಳಿಯಲು ಆರೇಳು ವರ್ಷ ಕಾಯಬೇಕು. ಗಾಜಿನ ಸೀಸೆಯಲ್ಲಾದರೂ ಹೆಚ್ಚಿಸೋಣವೆಂದರೆ, ಊರಿಗೆಲ್ಲ ಅಪ್ಪಣೆಯ ನೀರು ಕೊಟ್ಟ ಈ ಮರದ ಚೂರುಗಳು ಅಲ್ಲಿ ಕಂದುಗಟ್ಟಿ ಹಟ ಹಿಡಿಯುತ್ತವೆ. 2021ರಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ತಂಡ ಎಳೆ ಸಸಿಯ ಕುಡಿಯನ್ನೇ ಹಲವು ಕುಡಿಗಳಾಗಿಸುವ ದಾರಿ ಕಂಡಿತು. ಆದರೆ ಆ ಸಸಿ ಬಂದದ್ದು ಕಾಯಿಯ ಭ್ರೂಣದಿಂದ, ಫಸಲು ನೋಡಿ ಆರಿಸಿದ ಮರದಿಂದಲ್ಲ.

ಆರಿಸಿದ ಮರದ ಸುಳಿ ತೆಗೆದರೆ ಮರವೇ ಹೋಗುತ್ತದೆ. ಆದ್ದರಿಂದ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರೂ ಬೇರೆ ದೇಶದವರೂ ಇನ್ನೂ ಬಿಚ್ಚದ ಎಳೆ ಹೊಂಬಾಳೆಯನ್ನು ಬಿಡಿಸಿ, ಚೂರು ಮಾಡಿ, ಆಕ್ಸಿನ್ ಬೆರೆಸಿದ ಪಾಕದಲ್ಲಿಟ್ಟು ಕಾಯುತ್ತಾರೆ. ಒಂದು ಹೊಂಬಾಳೆ ಹೋದರೆ ಮರಕ್ಕೆ ನಷ್ಟವಿಲ್ಲ, ಮುಂದಿನದು ಬರುತ್ತದೆ. ಸೀಸೆಯಲ್ಲಿಟ್ಟ ಚೂರುಗಳಲ್ಲಿ ಹೆಚ್ಚಿನವು ಕಂದುಗಟ್ಟುತ್ತವೆ. ಕೆಲವು ಹಸಿರಾಗುತ್ತವೆ.