ಮರವಲ್ಲ, ವೇಗ ಇಳಿಯಬೇಕು

ಗರುಡ, ಗಿಡುಗಗಳ ಮರಿಗಳು ವಾಹನಕ್ಕೆ ಸಿಕ್ಕಿ ಸಾಯುವುದು ರಸ್ತೆಬದಿ ಮರದಲ್ಲಿ ಗೂಡಿರುವುದರಿಂದ, ಮರ ತೆಗೆದರೆ ಹಕ್ಕಿಯೂ ಉಳಿಯುತ್ತದೆ ಎಂಬ ವಾದವಿದೆ. ಶಿಕಾರಿಪುರ, ಸೊರಬದ ಮಟ್ಟಿಗೆ ಇದು ಶುದ್ಧ ತಪ್ಪು. ಕೊಲ್ಲುತ್ತಿರುವುದು ವೇಗ. ರಸ್ತೆ ಟೋಲ್ ವಿರುದ್ಧ ಜನ ಬೀದಿಗಿಳಿದ ಶಿಕಾರಿಪುರದಲ್ಲಿ ವೇಗದ ಮಾತೂ ಅಷ್ಟೇ ಜೋರಾಗಿ ಕೇಳಬೇಕು.

ಹಕ್ಕಿ ಕಾಡಿಗೆ ಹೋಗಲಿ ಎನ್ನುವವರು ಯಾವ ಕಾಡಿಗೆ ಎಂದೂ ಹೇಳಲಿ. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿ ವರದಿ ಬರೆದ ಸೊರಬದ ಕಾನು ಕಾಡುಗಳು ಇಂದು ಚೂರುಚೂರಾಗಿವೆ. ಗೂಡು ಹೊರಬಲ್ಲ ಹಳೆಯ ಮಾವು, ಆಲ, ಗೋಣಿಗಳು ಉಳಿದ ಕೆಲವೇ ಜಾಗಗಳಲ್ಲಿ ರಸ್ತೆಬದಿಯೂ ಒಂದು. ಊಟವೂ ಅಲ್ಲೇ. ಡಾಂಬರಿನ ಮೇಲೆ ಹರಡಿದ ಮೆಕ್ಕೆಜೋಳಕ್ಕೆ ಇಲಿ, ಬೆಳವ ಬರುತ್ತವೆ; ಅವುಗಳ ಬೆನ್ನಿಗೆ ಹಗಲು ಗಿಡುಗ, ರಾತ್ರಿ ಗೂಬೆ. ಮೊದಲ ಮಳೆಗೆ ಗಾಲಿಯಡಿ ಸತ್ತ ಕಪ್ಪೆ, ಹಾವುಗಳಿಗೆ ಬೆಳಿಗ್ಗೆ ಹದ್ದು ಇಳಿಯುತ್ತದೆ. ಮರ ಕಡಿದರೂ ಇದೊಂದೂ ನಿಲ್ಲುವುದಿಲ್ಲ.

ಈ ಚರ್ಚೆಯಲ್ಲಿ ಯಾರೂ ಎತ್ತದ ಅಧ್ಯಯನವೊಂದಿದೆ. 2013ರಲ್ಲಿ ಪ್ರಕಟವಾದದ್ದು, ಲೆಗನ್ಯೊ ಮತ್ತು ದುಕಾತೆ ಎಂಬಿಬ್ಬರು ಫ್ರಾನ್ಸಿನ ರಸ್ತೆಗಳಲ್ಲಿ ಮಾಡಿದ್ದು. ಕಾರು ಎಷ್ಟು ದೂರದಲ್ಲಿರುವಾಗ ಹಕ್ಕಿ ಹಾರುತ್ತದೆ ಎಂದು ಅವರು ಅಳೆದರು. ವೇಗಮಿತಿ ಹೆಚ್ಚಿದ್ದ ರಸ್ತೆಗಳಲ್ಲಿ ಹಕ್ಕಿಗಳು ದೂರದಿಂದಲೇ ಎದ್ದವು. ಎದುರು ಬಂದ ಕಾರಿನ ನಿಜವಾದ ವೇಗಕ್ಕೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ಅಂದರೆ ಹಕ್ಕಿ ನಂಬುವುದು ತನಗೆ ಪರಿಚಯವಿರುವ ರಸ್ತೆಯನ್ನು. ಗೂಡು ಬಿಟ್ಟು ವಾರವಾಗದ ಮರಿಗೆ ಆ ಪರಿಚಯ ಎಲ್ಲಿಂದ ಬರಬೇಕು? ಇನ್ನೂ ಕೆಟ್ಟದ್ದೆಂದರೆ, ರಸ್ತೆ ಅಗಲವಾಗಿ ನಿನ್ನೆಯ 50 ಕಿ.ಮೀ. ವೇಗ ಇಂದು 80 ಆದಾಗ ತಾಯಿಹಕ್ಕಿಯ ಅಂದಾಜೂ ಕೈಕೊಡುತ್ತದೆ.

ಚಾಲಕನ ಲೆಕ್ಕವನ್ನೂ ನೋಡಿ. 50ರಲ್ಲಿ ವಾಹನ ಸೆಕೆಂಡಿಗೆ 14 ಮೀಟರ್ ಓಡುತ್ತದೆ, 80ರಲ್ಲಿ 22 ಮೀಟರ್. ಬ್ರೇಕಿಗೆ ಕಾಲು ಹೋಗಲು ಒಂದು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ಮೊದಲನೆಯದು ಸುಮಾರು 28 ಮೀಟರಿನಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ 60 ಮೀಟರಿನಷ್ಟು ಬೇಕು. ರೆಕ್ಕೆ ಬಲಿಯದ ಮರಿಯ ಜೀವ ಈ ಅಂತರದಲ್ಲಿದೆ.

ವರ್ಷವಿಡೀ ನಿರ್ಬಂಧ ಬೇಕಿಲ್ಲ. ನಮ್ಮಲ್ಲಿ ಗರುಡನ ಗೂಡಿನ ಕಾಲ ಡಿಸೆಂಬರಿನಿಂದ ಏಪ್ರಿಲ್, ಸಣ್ಣ ಗಿಡುಗದ್ದು ಮಾರ್ಚಿನಿಂದ ಜೂನ್. ಫೆಬ್ರುವರಿಯಿಂದ ಜೂನ್‌ವರೆಗೆ, ಗೂಡಿರುವ ತುಣುಕುಗಳಲ್ಲಷ್ಟೇ ಮಿತಿ 40ಕ್ಕೆ ಇಳಿಯಲಿ. ಜಿಲ್ಲಾಡಳಿತಕ್ಕೆ ಅಧಿಕಾರ ಎಲ್ಲಿದೆ ಎಂದು ಕೇಳುವವರು ಬಂಡೀಪುರ ನೆನಪಿಸಿಕೊಳ್ಳಲಿ: 2009ರಲ್ಲಿ ರಾಷ್ಟ್ರೀಯ ಹೆದ್ದಾರಿಯಲ್ಲೇ ರಾತ್ರಿ ಸಂಚಾರ ನಿಲ್ಲಿಸಿದ್ದು ಚಾಮರಾಜನಗರದ ಜಿಲ್ಲಾಧಿಕಾರಿಯ ಆದೇಶ, ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಸಂಚಾರವೇ ನಿಂತಿತು. ಇಲ್ಲಿ ಕೇಳುತ್ತಿರುವುದು ಕಾಲು ತುಸು ಎತ್ತಿ ಎಂದಷ್ಟೇ.

ಕೊಡಲಿ ಹಿಡಿದೇ ತೀರುತ್ತೇವೆ ಎನ್ನುವವರಿಗೆ ಇನ್ನೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 2(16)ರ ಪ್ರಕಾರ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ. ಮರಿಯಿರುವ ಮರಕ್ಕೆ ಗರಗಸ ಇಡಲು ಸಹಿ ಹಾಕುವ ಅಧಿಕಾರಿ, ಗೂಡು ನೋಡಿಯೇ ಸಹಿ ಹಾಕಿದೆನೋ ಇಲ್ಲವೋ ಎಂಬುದನ್ನು ಅದೇ ಕಡತದಲ್ಲಿ ಬರೆದಿಡಲಿ.