ಬ್ಯಾಂಕ್ ಸ್ಟೇಟ್‌ಮೆಂಟ್ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲವೇ? ಹಣ ಹೋಗಿದೆ ಎನ್ನುವ ಮುನ್ನ ಇದನ್ನು ನೋಡಿ

ಬ್ಯಾಂಕಿನಿಂದ ಡೌನ್‌ಲೋಡ್ ಮಾಡಿದ ಸ್ಟೇಟ್‌ಮೆಂಟನ್ನು ಅಕೌಂಟಿಂಗ್ ಸಾಫ್ಟ್‌ವೇರ್‌ಗೆ ಹಾಕಿದ್ದೀರಿ. ಬಾಕಿ ಮೊತ್ತ ತಾಳೆಯಾಗುತ್ತಿಲ್ಲ. 'ಬ್ಯಾಂಕಿನವರು ದುಡ್ಡು ಕಡಿತ ಮಾಡಿದ್ದಾರೆ' ಎಂಬ ಅನುಮಾನ ಸಹಜ. ಆದರೆ ಎಷ್ಟೋ ಸಲ ಹಣ ಖಾತೆಯಲ್ಲೇ ಇರುತ್ತದೆ. ಫೈಲ್ ಓದುವಲ್ಲಿ ಎಡವಟ್ಟಾಗಿರುತ್ತದೆ. ಹೇಗೆಂದು ನೋಡೋಣ.

ದಿನಾಂಕ: 03/04/2025 ಎಂದರೆ ನಮಗೆ ಏಪ್ರಿಲ್ 3. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ಅದು ಮಾರ್ಚ್ 4. ನಮ್ಮ ಹಣಕಾಸು ವರ್ಷ ಏಪ್ರಿಲ್ 1ರಿಂದ ಆರಂಭ. ಹಾಗಾಗಿ ಆ ವ್ಯವಹಾರ ಹಿಂದಿನ ವರ್ಷದ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಅಲ್ಪವಿರಾಮ: ಸಿಎಸ್‌ವಿ ಫೈಲ್‌ನಲ್ಲಿ ಕಾಲಂಗಳನ್ನು ಬೇರ್ಪಡಿಸುವುದು ಸಾಮಾನ್ಯವಾಗಿ ಅಲ್ಪವಿರಾಮ. 1,25,000 ಎಂಬ ಮೊತ್ತ ಉದ್ಧರಣ ಚಿಹ್ನೆಯೊಳಗೆ ಇಲ್ಲದಿದ್ದರೆ ಮೂರು ತುಂಡಾಗುತ್ತದೆ.

ಯುಪಿಐ ಉಲ್ಲೇಖ ಸಂಖ್ಯೆ: ಇದರಲ್ಲಿ 12 ಅಂಕಿಗಳಿವೆ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಅದು ಮೊಟಕಾಗಿ ಕಾಣಬಹುದು. ಹಾಗೆಯೇ ಸೇವ್ ಮಾಡಿದರೆ ಆ ಫೈಲ್‌ನಲ್ಲಿ ಪೂರ್ತಿ ಸಂಖ್ಯೆ ಉಳಿಯುವುದಿಲ್ಲ.

ಡೆಬಿಟ್, ಕ್ರೆಡಿಟ್: ನೀವು ಕಟ್ಟಿದ ಹಣ ಬ್ಯಾಂಕಿನ ಪಾಲಿಗೆ ನಿಮಗೆ ಕೊಡಬೇಕಾದ ಸಾಲ. ಆದ್ದರಿಂದ ಸ್ಟೇಟ್‌ಮೆಂಟ್‌ನಲ್ಲಿ ಅದು ಕ್ರೆಡಿಟ್, ನಿಮ್ಮ ಪುಸ್ತಕದ ಬ್ಯಾಂಕ್ ಖಾತೆಯಲ್ಲಿ ಡೆಬಿಟ್. ಕಾಲಂ ಅದಲುಬದಲಾದರೆ ಜಮೆಯೆಲ್ಲ ಖರ್ಚಾಗಿ ಕಾಣುತ್ತದೆ.

ಪರೀಕ್ಷೆ ಸುಲಭ. ಆರಂಭಿಕ ಬಾಕಿಗೆ ಜಮೆ ಕೂಡಿಸಿ, ಪಾವತಿ ಕಳೆಯಿರಿ. ಬಂದ ಮೊತ್ತ ಬ್ಯಾಂಕ್ ಕೊಟ್ಟ ಮೂಲ ಪಿಡಿಎಫ್‌ನ ಅಂತಿಮ ಬಾಕಿಗೆ ಸಮನಾಗಬೇಕು. ಆಗದಿದ್ದರೆ ಒಂದೇ ತಿಂಗಳನ್ನು ಎರಡು ಸಲ ಹಾಕಿದ್ದೀರಾ, ಯಾವುದಾದರೂ ಸಾಲು ಬಿಟ್ಟುಹೋಗಿದೆಯೇ ಎಂದೂ ನೋಡಿ.

ಈ ತಲೆನೋವಿಗೆ ಬೇಸತ್ತು, 'ಪಿಡಿಎಫ್ ಹಾಕಿ, ಉಚಿತವಾಗಿ ಎಕ್ಸೆಲ್ ಪಡೆಯಿರಿ' ಎನ್ನುವ ಅಪರಿಚಿತ ಲಿಂಕ್‌ಗೆ ಸ್ಟೇಟ್‌ಮೆಂಟ್ ಮತ್ತು ಅದರ ಪಾಸ್‌ವರ್ಡ್ ಕೊಡಬೇಡಿ. ನಿಮ್ಮ ಹೆಸರು, ಖಾತೆ ಸಂಖ್ಯೆ, ಯಾರಿಗೆ ಎಷ್ಟು ಕೊಟ್ಟಿರಿ ಎಂಬುದೆಲ್ಲ ಅದರಲ್ಲಿದೆ. ನಿನ್ನೆಯ ಪಾವತಿಯನ್ನು ಸರಿಯಾಗಿ ಹೇಳುವ ವಂಚಕನ ಕರೆಯನ್ನು ಯಾರಾದರೂ ನಂಬಿಬಿಡುತ್ತಾರೆ. ಸಿಎಸ್‌ವಿ ಅಥವಾ ಎಕ್ಸೆಲ್ ಸಿಗುತ್ತದೆಯೇ ಎಂದು ಮೊದಲು ನಿಮ್ಮ ನೆಟ್ ಬ್ಯಾಂಕಿಂಗ್‌ನಲ್ಲೇ ಹುಡುಕಿ.

ಹಾಗೆಂದು ಎಲ್ಲವೂ ಸಾಫ್ಟ್‌ವೇರ್ ತಪ್ಪೆಂದು ಸುಮ್ಮನಾಗುವಂತಿಲ್ಲ. ಮೂಲ ಸ್ಟೇಟ್‌ಮೆಂಟ್‌ನಲ್ಲೇ ನೀವು ಮಾಡದ ಪಾವತಿ ಇದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, 1930 ಸೈಬರ್ ವಂಚನೆ ಸಹಾಯವಾಣಿಗೆ ಕರೆ ಮಾಡಿ. ಗ್ರೂಪ್‌ಗೆ ಫಾರ್ವರ್ಡ್ ಮಾಡುವುದು ಆಮೇಲಿನ ಮಾತು.